ಬೆಳಕು ನುಂಗುವ ಬಣ್ಣ

ಮೊದಲ ಕಿಂಡಲ್ ಬಂದದ್ದು 2007ರಲ್ಲಿ. ಕಿಂಡಲ್ ಇ-ರೀಡರ್‌ಗೆ ಬಣ್ಣದ ಪರದೆ ಸಿಕ್ಕಿದ್ದು 2024ರಲ್ಲಿ. ಕೋಬೋ ಕಂಪನಿಯ ಬಣ್ಣದ ಇ-ರೀಡರ್‌ಗಳು ಬಂದದ್ದೂ ಅದೇ ವರ್ಷ. ಮೊಬೈಲಿಗೆ ಎಂದೋ ಒಲಿದ ಬಣ್ಣ ಇಲ್ಲಿಗೇಕೆ ಇಷ್ಟು ತಡವಾಗಿ ಬಂತು?

ಮೊಬೈಲಿನ ಪರದೆ ತಾನೇ ಬೆಳಗುತ್ತದೆ. ಇ-ರೀಡರ್‌ನ ಪರದೆಯಾದ ಇ-ಕಾಗದ ಹಾಗಲ್ಲ, ಅಚ್ಚಾದ ಪುಟದಂತೆ ಮೇಲೆ ಬಿದ್ದ ಬೆಳಕನ್ನೇ ಕಣ್ಣಿಗೆ ಮರಳಿಸುತ್ತದೆ. ಅದರ ತುಂಬ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು. ಒಳಗಿನ ದ್ರವದಲ್ಲಿ ಬಿಳಿ ಮತ್ತು ಕಪ್ಪು ಕಣಗಳು, ಒಂದಕ್ಕೊಂದು ವಿರುದ್ಧ ವಿದ್ಯುದಾವೇಶದವು. ವೋಲ್ಟೇಜ್ ಕೊಟ್ಟಂತೆ ಒಂದು ಬಗೆ ಮೇಲೇರುತ್ತದೆ, ಇನ್ನೊಂದು ತಳ ಸೇರುತ್ತದೆ. ಕರೆಂಟು ನಿಂತರೂ ಅವು ಅಲ್ಲೇ ನಿಲ್ಲುವುದರಿಂದ ಬ್ಯಾಟರಿ ವಾರಗಟ್ಟಲೆ ಬರುತ್ತದೆ.

ಇದಕ್ಕೆ ಬಣ್ಣ ಕೊಡುವ ಸುಲಭದ ದಾರಿ, ಮೇಲೊಂದು ಕೆಂಪು-ಹಸಿರು-ನೀಲಿ ಫಿಲ್ಟರ್ ಹಾಸುವುದು. ಇ ಇಂಕ್ ಕಂಪನಿಯ ಕೆಲೈಡೋ ಪರದೆ ಮಾಡುವುದು ಅದನ್ನೇ. ಆದರೆ ಕೆಂಪು ಫಿಲ್ಟರ್ ಎಂದರೆ ಹಸಿರು, ನೀಲಿಗಳನ್ನು ನುಂಗುವ ಫಿಲ್ಟರ್. ಬೆಳಕು ಒಳಹೋಗುವಾಗೊಮ್ಮೆ, ಹೊರಬರುವಾಗೊಮ್ಮೆ ಅದನ್ನು ದಾಟಬೇಕು. ಮೊಬೈಲಾದರೆ ಹಿಂದಿನ ದೀಪ ಜೋರು ಮಾಡಿದರಾಯಿತು. ಇಲ್ಲಿ ಇದ್ದಷ್ಟರಲ್ಲೇ ಸಂಸಾರ ತೂಗಿಸಬೇಕು. ಹಾಗಾಗಿ ಬಿಳಿ ಪುಟ ಬೂದಿಗೆ ತಿರುಗುತ್ತದೆ. ಸ್ಪಷ್ಟತೆಯೂ ಇಳಿಯುತ್ತದೆ: ಕೆಲೈಡೋ 3ರಲ್ಲಿ ಕಪ್ಪು-ಬಿಳುಪಿಗೆ ಇಂಚಿಗೆ 300 ಚುಕ್ಕಿ, ಬಣ್ಣಕ್ಕೆ ಬರೀ 150.

ಕ್ವಾಲ್‌ಕಾಮ್ ಕಂಪನಿ ಬೇರೆ ದಾರಿ ಹಿಡಿದಿತ್ತು. ಚಿಟ್ಟೆಯ ರೆಕ್ಕೆಗೆ ಹೊಳಪು ಬರುವ ತತ್ವವನ್ನೇ ಬಳಸಿದ ಅದರ ಮಿರಾಸಾಲ್ ಪರದೆ 2011ರಲ್ಲಿ ದಕ್ಷಿಣ ಕೊರಿಯಾದ ಇ-ರೀಡರ್ ಒಂದರಲ್ಲಿ ಬಂತು. ಹೆಚ್ಚು ದಿನ ಉಳಿಯಲಿಲ್ಲ.

ನನಗೆ ಭರವಸೆ ಇರುವುದು ಇ ಇಂಕ್‌ನದೇ ಗ್ಯಾಲರಿ 3ರ ಮೇಲೆ. ಫಿಲ್ಟರ್ ಇಲ್ಲ; ಬಿಳಿ, ಹಳದಿ, ಸಯಾನ್, ಮೆಜೆಂಟಾ ಕಣಗಳು ನಾಲ್ಕೂ ಒಟ್ಟಿಗೇ ಇರುತ್ತವೆ. ಬಣ್ಣದಲ್ಲೂ ಇಂಚಿಗೆ 300 ಚುಕ್ಕಿ. ತೊಡಕಿರುವುದು ವೇಗದಲ್ಲಿ. ನಾಲ್ಕು ಬಗೆಯ ಕಣಗಳನ್ನು ಒಂದೇ ದ್ರವದಲ್ಲಿ ಬೇಕಾದ ಕ್ರಮಕ್ಕೆ ತರಲು ವೋಲ್ಟೇಜನ್ನು ಹಿಂದೆಮುಂದೆ ಮಾಡಿ ಒಂದೊಂದನ್ನೂ ಪುಸಲಾಯಿಸಬೇಕು; ಅತ್ಯುತ್ತಮ ಬಣ್ಣ ಬೇಕೆಂದರೆ ಒಂದೂವರೆ ಸೆಕೆಂಡು ಕಾಯಬೇಕು. ಚಿತ್ರಪುಸ್ತಕಕ್ಕೆ ಅದು ದೊಡ್ಡದಲ್ಲ. ಸರಸರ ಪುಟ ಮಗುಚುವವರಿಗೆ ಕಿರಿಕಿರಿ.

ಕಥೆ, ಕಾದಂಬರಿಗಳನ್ನಷ್ಟೇ ಓದುವವರಿಗೆ ಇವತ್ತಿಗೂ ಕಪ್ಪು-ಬಿಳುಪಿನದೇ ಮೇಲು. ನಮ್ಮ ಒತ್ತಕ್ಷರಗಳು ಬೂದು ಪುಟದ ಮೇಲೆ ಕಣ್ಣಿಗೆ ದಣಿವು ತರುತ್ತವೆ. ಕಾಮಿಕ್ಸ್, ನಕ್ಷೆ, ಮಕ್ಕಳ ಪಠ್ಯವೇ ಹೆಚ್ಚಾದರೆ ಬಣ್ಣದ್ದು ಕೊಳ್ಳಿ. ಕೊಳ್ಳುವ ಮುಂಚೆ ಅಂಗಡಿಯಲ್ಲಿ, ಪರದೆಯ ಮೇಲೆ ಬೆಳಕು ಚೆಲ್ಲುವ ಅದರ ದೀಪ ಆರಿಸಿ ಒಂದು ಪುಟ ಓದಿ ನೋಡಿ.