ಔಷಧವೇ ತಡೆಯಾದ ಬಗೆ

ಎಚ್.ಐ.ವಿ. ಎಂಬ ವೈರಸ್ಸೂ ಏಡ್ಸ್ ಎಂಬ ರೋಗವೂ ಒಂದೇ ಎಂದು ಜನರು ಸಾಮಾನ್ಯವಾಗಿ ಎಣಿಸುವುದುಂಟು. ಇದು ಸರಿಯಲ್ಲ. ವೈರಸ್ಸು ಕಾರಣ, ಏಡ್ಸ್ ಆ ಸೋಂಕಿನ ಕಡೆಯ ಅವಸ್ಥೆ. ಔಷಧ ದೊರೆಯದವರಲ್ಲಿಯೂ ಇವೆರಡರ ನಡುವೆ ಅನೇಕ ವರ್ಷಗಳು ಕಳೆಯುವುವು. ಈ ಅವಧಿಯಲ್ಲಿ ಸೋಂಕುಳ್ಳವರು ನೋಡುವುದಕ್ಕೆ ಆರೋಗ್ಯವಂತರಾಗಿಯೇ ಇದ್ದು, ತಮಗೇ ತಿಳಿಯದೆ ಇತರರಿಗೆ ಸೋಂಕನ್ನು ದಾಟಿಸಬಲ್ಲರು. ರೋಗಿಗೆ ಮಾಡುವ ಚಿಕಿತ್ಸೆ ಬೇರೆ, ರೋಗ ಹರಡದಂತೆ ಕಟ್ಟುವ ತಡೆ ಬೇರೆ ಎಂಬ ಭಾವನೆ ವೈದ್ಯರಲ್ಲಿ ಬಹುಕಾಲ ಇದ್ದಿತು. ಆ ಭೇದವು ಹೇಗೆ ಅಳಿಯಿತೆಂಬುದು ವಿಚಾರಾರ್ಹವಾದ ವಿಷಯ.

1981ರಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಈ ವ್ಯಾಧಿಯ ವೈರಸ್ಸನ್ನು 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮೊಂತಾನ್ಯೆ ಮೊದಲಾದವರು ಕಂಡುಹಿಡಿದರು. ದೇಹದ ರಕ್ಷಣೆಗೆ ಮುಂದಾಳುಗಳಾದ ಸಿ.ಡಿ.4 ಎಂಬ ಬಿಳಿಯ ರಕ್ತಕಣಗಳನ್ನೇ ಅದು ಹೊಗುವುದು, ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ನಕಲು ಮಾಡಿ, ಕಣದ ಡಿ.ಎನ್.ಎ.ಯೊಳಗೆ ಸೇರಿಸಿಬಿಡುವುದು. ಈ ನಕಲಿನಲ್ಲಿ ತಪ್ಪುಗಳು ಬಹಳ. ತಪ್ಪಿದ ನಕಲುಗಳಲ್ಲಿ ಯಾವುದೋ ಒಂದಕ್ಕೆ ಔಷಧವು ನಾಟದೆ ಹೋಗುವುದು. 1987ರಲ್ಲಿ ಬಂದ ಜಿಡೋವುಡೀನ್ ಒಂದನ್ನೇ ಕೊಟ್ಟಾಗ ಕೆಲಕಾಲದಲ್ಲಿಯೇ ಗುಣ ಕುಂದಿದ್ದು ಇದರಿಂದ. 1996ರಿಂದ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದಿತು. ಒಂದು ಬೀಗಕ್ಕೆ ಕಳ್ಳನು ಕೈ ಮಾಡಿಕೊಂಡಾನು. ಮೂರು ಬೀಗಗಳನ್ನು ಒಂದೇ ಕ್ಷಣದಲ್ಲಿ ತೆರೆಯುವುದು ದುಸ್ಸಾಧ್ಯ.

ಔಷಧದಿಂದ ರಕ್ತದಲ್ಲಿ ವೈರಸ್ಸು ಕಡಮೆಯಾದರೆ ಸೋಂಕು ದಾಟುವುದೂ ಕಡಮೆಯಾಗಬೇಡವೆ? ಉಗಾಂಡದ ರಕಾಯಿ ಪ್ರಾಂತದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 415 ಜೋಡಿಗಳನ್ನು ಪರಿಶೀಲಿಸಿ, 2000ದಲ್ಲಿ ವರದಿ ಪ್ರಕಟಿಸಲಾಯಿತು. ರಕ್ತದ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಪ್ರತಿಗಳು 1500ಕ್ಕಿಂತ ಕಡಮೆಯಿದ್ದ ಜೋಡಿಗಳಲ್ಲಿ ಸೋಂಕು ದಾಟಿರಲಿಲ್ಲ. ಆದರೆ ಇದು ಸುಳಿವು ಮಾತ್ರ. ಸಿದ್ಧಾಂತಕ್ಕೆ ಪ್ರಯೋಗ ಬೇಕು. ಎಚ್.ಪಿ.ಟಿ.ಎನ್. 052 ಎಂಬ ಪ್ರಯೋಗವು ಒಂಬತ್ತು ದೇಶಗಳಲ್ಲಿ ಇಂತಹ 1763 ಜೋಡಿಗಳನ್ನು ಆಯ್ದುಕೊಂಡಿತು. ಭಾರತದ ಚೆನ್ನೈ ಮತ್ತು ಪುಣೆಗಳೂ ಅದರ ಕೇಂದ್ರಗಳು. ಒಂದು ಪಂಗಡದ ಸೋಂಕಿತರಿಗೆ ಒಡನೆಯೇ ಔಷಧ. ಇನ್ನೊಂದಕ್ಕೆ, ಅಂದಿನ ರೂಢಿಯಂತೆ, ಸಿ.ಡಿ.4 ಕಣಗಳು ಇಳಿದ ಮೇಲೆ. ಕಾಂಡೋಮ್ ಮತ್ತು ಸಲಹೆ ಎರಡು ಪಂಗಡಗಳಿಗೂ ದೊರೆತುವು. 2011ರ ಹೊತ್ತಿಗೆ 39 ಮಂದಿ ಸಂಗಾತಿಗಳಿಗೆ ಸೋಂಕು ತಗಲಿದ್ದಿತು. ಇಬ್ಬರ ವೈರಸ್ಸುಗಳ ರಚನೆಯನ್ನೂ ಹೋಲಿಸಿ ನೋಡಲಾಗಿ, ಜೊತೆಗಾರರಿಂದಲೇ ಬಂದುದೆಂದು ಸಿದ್ಧಪಟ್ಟದ್ದು 28. ಅವುಗಳಲ್ಲಿ ಒಡನೆ ಔಷಧ ಪಡೆದ ಪಂಗಡದ್ದು ಒಂದು. ಕಾದಿದ್ದ ಪಂಗಡದ್ದು 27. ಮೇಲ್ವಿಚಾರಕ ಮಂಡಲಿಯ ಸಲಹೆಯ ಮೇರೆಗೆ ಫಲವನ್ನು ಆಗಲೇ ಬಯಲುಮಾಡಿ, ಎಲ್ಲರಿಗೂ ಔಷಧ ಕೊಡಲು ಮುಂದಾದರು. ಆ 27 ಮಂದಿಗೆ ಮಾತ್ರ ಅದು ತಡವಾಗಿದ್ದಿತು.

ಎಲ್ಲ ಸೋಂಕಿತರಿಗೂ ಕಾಯದೆ ಔಷಧ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿತು. ಭಾರತವು 2017ರಲ್ಲಿ ಅದನ್ನು ಅಂಗೀಕರಿಸಿತು. ಬೆಲೆಯಿಳಿಯದಿದ್ದರೆ ಇದು ಕಾಗದದ ಮೇಲಿನ ಮಾತಾಗುತ್ತಿದ್ದಿತು. ವರ್ಷಕ್ಕೆ ಹತ್ತು ಸಾವಿರ ಡಾಲರಿನಷ್ಟಿದ್ದ ಮೂರೌಷಧವನ್ನು ಮುಂಬಯಿಯ ಸಿಪ್ಲಾ ಕಂಪನಿಯು 2001ರಲ್ಲಿ 350 ಡಾಲರಿಗೆ ಕೊಡಲು ಮುಂದೆ ಬಂದಿತು. 2004ರ ಏಪ್ರಿಲಿನಲ್ಲಿ ಭಾರತ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಷ್ಟಾದರೂ ವೈರಸ್ಸು ನಿರ್ಮೂಲವಾಗುವುದಿಲ್ಲ. ಕೆಲವು ಕಣಗಳಲ್ಲಿ ಅದು ಮಲಗಿರುವುದು. ಔಷಧವು ಮಲಗಿದ್ದುದನ್ನು ಮುಟ್ಟಲಾರದು. ಔಷಧ ನಿಂತರೆ ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿಯೇ ಮರಳಿ ಏಳುವುದು. ಆದುದರಿಂದ ಸೋಂಕಿಲ್ಲದವರಿಗೇ ಮುಂಗಡವಾಗಿ ಔಷಧ ಕೊಡುವ ಮಾರ್ಗವೂ ಬೆಳೆಯಿತು. ನಿತ್ಯವೂ ಮಾತ್ರೆ ನುಂಗುವುದು ಹಲವರಿಗೆ ಆಗದು. ಮನೆಯವರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯೂ ಉಂಟು. ಲೆನಕಾಪವೀರ್ ಎಂಬುದನ್ನು ಆರು ತಿಂಗಳಿಗೊಮ್ಮೆ ಚುಚ್ಚಿದರೆ ಸಾಕು. ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳಲ್ಲಿ ಅದನ್ನು ಪಡೆದ 2134 ತರುಣಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ ಇಪ್ಪತ್ತೆಂಟು ಸಾವಿರ ಡಾಲರಿಗೆ ಮೇಲೆ. ಬಡದೇಶಗಳಿಗಾಗಿ ಇದನ್ನು ತಯಾರಿಸಲು 2024ರಲ್ಲಿ ಅನುಮತಿ ಪಡೆದ ಆರು ಕಂಪನಿಗಳಲ್ಲಿ ಭಾರತದವೂ ಇವೆ. 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವ ಏರ್ಪಾಡು 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಗಿದೆ.