ಅರ್ಕಾವತಿಯಲ್ಲಿ ಗಾಳ ಮತ್ತು ಹರಿಗೋಲು

ರಜೆಯ ದಿನ ಗಾಳ ಹಿಡಿದು ಹೊರಡುವ ಬಾಶೆಟ್ಟಿಹಳ್ಳಿಯವರಿಗೆ ಹೊಳೆ ಎಲ್ಲಿದೆಯೆಂದು ಹೇಳುವುದು ಸುಲಭವಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಇವರ ನದಿಯೇ ಹೌದು. ಆದರೆ ಇಲ್ಲಿ ಅದು ಕೆರೆಯಿಂದ ಕೆರೆಗೆ ಕೋಡಿಬಿದ್ದು ಸಾಗುವ ನೀರು. ಮಳೆ ಕೈಕೊಟ್ಟ ವರ್ಷ ಬರಿಯ ಹಳ್ಳ.

ಹಾಗಾದರೆ ಸಮೀಪದ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಲ್ಲವೆ ಎನ್ನುವಿರಿ. ದೊಡ್ಡಬಳ್ಳಾಪುರದ ಚರಂಡಿನೀರೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕೊಳೆಯೂ ಈ ಕೆರೆಗಳನ್ನು ಕೆಡಿಸಿವೆಯೆಂದು ಅಲ್ಲಿಯ ಹಳ್ಳಿಗರು ವರ್ಷಗಟ್ಟಲೆ ಹೋರಾಡಿದ್ದಾರೆ. ಕಾರ್ಖಾನೆಯ ಕೊಳೆಯಲ್ಲಿ ಪಾದರಸ, ಸೀಸಗಳಂಥ ಲೋಹಗಳಿದ್ದರೆ ಅವು ಮೀನಿನ ಮೈಯಲ್ಲಿ ಸೇರಿಕೊಳ್ಳುತ್ತವೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಕೊಳೆ ಸೇರಿದ ನೀರಿನ ಮೀನನ್ನು ಸಾರಿಗೆ ತರಬೇಡಿ. ನೀರು ಚೆನ್ನಾಗಿರುವ ಕೆರೆಗಳಲ್ಲಿಯೂ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರನನ್ನು ಒಂದು ಮಾತು ಕೇಳಿ ಗಾಳ ಹಾಕುವುದು ಮರ್ಯಾದೆ.

ನದಿಯ ಜೊತೆಗೇ ಕೆಳಗಿಳಿದರೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳು ಸಿಗುತ್ತವೆ. ಎರಡನ್ನೂ ಕಟ್ಟಿದ್ದು ಬೆಂಗಳೂರಿನ ಕುಡಿಯುವ ನೀರಿಗಾಗಿ, ವಿಹಾರಕ್ಕಲ್ಲ. ದೋಣಿಯಾಟದ ಆಸೆಯಿದ್ದವರು ನದಿಯ ಕೊನೆಯವರೆಗೂ ಹೋಗಬೇಕು. ಕನಕಪುರ ದಾಟಿದ ಮೇಲೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಲ್ಲಿ ಹರಿಗೋಲು ಉಂಟು. ನದಿ ದಾಟಿ ಮೇಕೆದಾಟಿಗೆ ಹೋಗುವವರಿಗೆ ಅದೇ ದಾರಿ.

ಹರಿಗೋಲಿಗೆ ಹಿಂದಿಲ್ಲ, ಮುಂದಿಲ್ಲ. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಟಾರ್ಪಾಲು ಅಥವಾ ಪ್ಲಾಸ್ಟಿಕ್ ಹಾಳೆ. ತಳ ಚಪ್ಪಟೆಯಾದ್ದರಿಂದ ಮೊಳದಷ್ಟು ನೀರಿದ್ದರೂ ಬಂಡೆಗಳ ಮೇಲೆ ತೇಲಿಹೋಗುತ್ತದೆ. ಭಾರ ಒಂದೇ ಕಡೆ ಬಿದ್ದರೆ ಮಗುಚುವುದೂ ಅಷ್ಟೇ ಬೇಗ. ಆದ್ದರಿಂದ ಅಂಬಿಗ ಹೇಳಿದ ಜಾಗದಲ್ಲಿ ತಳಕ್ಕೆ ಕುಳಿತುಬಿಡಿ. ಮಕ್ಕಳು ನೀರು ಮುಟ್ಟಲು ಒಟ್ಟಿಗೆ ಒಂದೇ ಪಕ್ಕಕ್ಕೆ ಬಾಗದಂತೆ ನೋಡಿಕೊಳ್ಳಿ. ತೇಲುಕವಚ ಕೇಳಿ ಪಡೆಯಿರಿ, ನಾಚಿಕೆ ಬೇಡ.

ಇನ್ನೊಂದು ಸಂಗತಿ ಪಟ್ಟಣದವರಿಗೆ ತಿಳಿಯದು. ಸಂಗಮದಲ್ಲಿ ಬಿಸಿಲು ಹೊಳೆಯುತ್ತಿರುವಾಗಲೂ ಕಾವೇರಿ ಏರಬಹುದು. ಮೇಲೆ ಕೃಷ್ಣರಾಜಸಾಗರದಲ್ಲಿಯೋ ಕಬಿನಿಯಲ್ಲಿಯೋ ಬಾಗಿಲು ತೆರೆದರೆ, ಮಳೆಯ ಸುಳಿವೂ ಇಲ್ಲದೆ ಇಲ್ಲಿಗೆ ನೀರು ಬಂದುಬಿಡುತ್ತದೆ. ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿದವರಿಗೆ ದಡಕ್ಕೆ ಮರಳುವ ದಾರಿಯೇ ಇರುವುದಿಲ್ಲ. ತಿಳಿಯಾಗಿದ್ದ ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ, ಸಾಮಾನು ಬಿಟ್ಟಾದರೂ ದಡ ಸೇರಿ.

ಗಾಳವನ್ನು ಮಾತ್ರ ಇಲ್ಲಿ ಚೀಲದಿಂದ ತೆಗೆಯಬೇಡಿ. ಈ ಸೀಮೆಯ ಕಾಡನ್ನೂ ಹೊಳೆಯನ್ನೂ 1987ರಲ್ಲಿ ಕಾವೇರಿ ವನ್ಯಧಾಮವೆಂದು ಸಾರಲಾಯಿತು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಮೀನು ಹಿಡಿಯುವಂತಿಲ್ಲ. ಇಲ್ಲಿಯ ಬಿಳಿಮೀನಿಗಾಗಿ ಒಂದು ಕಾಲದಲ್ಲಿ ಹೊರದೇಶಗಳಿಂದಲೂ ಗಾಳದವರು ಬರುತ್ತಿದ್ದರು. ಡುಬ್ಬದ ಬೆನ್ನಿನ ಆ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. 2018ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಮೇಕೆದಾಟಿನ ಕೊರಕಲು ಬಂಡೆಗಳನ್ನು ದೂರದಿಂದ ನೋಡಿ, ನೀರಿಗಿಳಿಯಬೇಡಿ. ಹೊಳೆ ತುಂಬಿ ಹರಿಗೋಲು ನಿಲ್ಲಿಸಿದ ದಿನ ಅಂಬಿಗನನ್ನು ಒತ್ತಾಯಿಸದೆ, ಈಚೆ ದಡದ ಮರದ ನೆರಳಿನಲ್ಲಿ ಬುತ್ತಿ ಉಂಡು ಬನ್ನಿ.