ಹುಟ್ಟುವ ಮೊದಲೇ ಗಾಯಗೊಂಡವರು

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಒಂದು ಸೆರೆಶಿಬಿರ ತೆರೆಯಿತು. ಯುದ್ಧ ಮುಗಿಯುವುದರೊಳಗೆ ಉತ್ತರದ ರಾಜ್ಯಗಳ, ಅಂದರೆ ಯೂನಿಯನ್ ಪಕ್ಷದ, ಸುಮಾರು 45,000 ಸೈನಿಕರು ಅದರೊಳಗೆ ಹೋದರು. ಹಸಿವು, ಭೇದಿ, ಸ್ಕರ್ವಿಗೆ ಸಿಕ್ಕಿ ಸುಮಾರು 13,000 ಮಂದಿ ಅಲ್ಲೇ ಸತ್ತರು. ಬದುಕಿದವರು ಎಲುಬಿನ ಹಂದರವಾಗಿ ಊರಿಗೆ ಮರಳಿ, ಸಂಸಾರ ಹೂಡಿ, ಮಕ್ಕಳನ್ನು ಪಡೆದರು. ಆ ಮಕ್ಕಳು ಯುದ್ಧ ಕಂಡವರಲ್ಲ.

ಅರ್ಥಶಾಸ್ತ್ರಜ್ಞೆ ಡೋರಾ ಕೋಸ್ಟಾ ಮತ್ತು ಸಂಗಡಿಗರು ಇಂಥ ಸೈನಿಕರ ಮಕ್ಕಳ ಆಯಸ್ಸಿನ ಲೆಕ್ಕವನ್ನು 2018ರಲ್ಲಿ ಪ್ರಕಟಿಸಿದರು. ಕೈದಿಗಳ ವಿನಿಮಯ ನಿಂತುಹೋಗಿ ಶಿಬಿರಗಳು ನರಕವಾಗಿದ್ದಾಗ ಸೆರೆಯಲ್ಲಿದ್ದವರ ಗಂಡುಮಕ್ಕಳಿಗೆ, 45 ವರ್ಷ ದಾಟಿದ ಮೇಲೆ, ಸೆರೆ ಕಾಣದ ಸೈನಿಕರ ಗಂಡುಮಕ್ಕಳಿಗಿಂತ ಸಾವಿನ ಅಪಾಯ ಶೇ 11ರಷ್ಟು ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸವಿಲ್ಲ. ಬಡತನ, ಅಪ್ಪ ಅಮ್ಮನ ದಾಂಪತ್ಯ ಎಲ್ಲವನ್ನೂ ತೂಗಿ ನೋಡಿದರೂ ಲೆಕ್ಕ ಕರಗಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಏಪ್ರಿಲ್‌ನಿಂದ ಜೂನ್‌ವರೆಗೆ ಹುಟ್ಟಿದ ಗಂಡುಮಕ್ಕಳಲ್ಲಿ ಈ ಅಪಾಯ ಶೇ 20ಕ್ಕೆ ಏರಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದವರಲ್ಲಿ ಅಪ್ಪನ ಸೆರೆವಾಸದ ನೆರಳೇ ಇಲ್ಲ! ಬಸುರಿಯ ಕೊನೆಯ ತಿಂಗಳುಗಳು ಸುಗ್ಗಿಗೆ ಬಿದ್ದರೆ ಆಕೆಗೆ ಹೊಟ್ಟೆತುಂಬ ಊಟ. ಚಳಿಗಾಲದ ಕೊನೆಗೆ ಬಿದ್ದರೆ ಕಣಜ ತಳ ಕಂಡಿರುತ್ತಿತ್ತು. ಅಪ್ಪ ಹೊತ್ತು ತಂದ ಹಸಿವನ್ನು ಅಮ್ಮನ ಊಟ ಅಳಿಸಿತ್ತು ಅನ್ನಬೇಕು.

ಇದೆಲ್ಲ ಹೇಗೆ ದಾಟುತ್ತದೆ? ಡಿಎನ್‌ಎಯ ಅಕ್ಷರಗಳು ಬದಲಾಗುವುದಿಲ್ಲ. ಯಾವ ಜೀನ್ ಎಷ್ಟು ದುಡಿಯಬೇಕೆಂದು ನಿರ್ಧರಿಸುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬದಲಾಗುತ್ತವೆ ಎಂಬುದು ಊಹೆ. ಹಸಿವು ಇಂಥ ಗುರುತು ಬಿಡುತ್ತದೆಂಬ ಸುಳಿವು ಇನ್ನೊಂದು ಯುದ್ಧದಲ್ಲಿದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆಯನ್ನು ತಡೆದಾಗ ಪಶ್ಚಿಮ ನೆದರ್‌ಲೆಂಡ್ಸ್‌ನ ಪಡಿತರ ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗಿಳಿದಿತ್ತು. ಆ ದಿನಗಳಲ್ಲಿ ಬಸಿರಲ್ಲಿ ಮೂಡಿದವರನ್ನು ಆರು ದಶಕಗಳ ನಂತರ ಪರೀಕ್ಷಿಸಿದರೆ, ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನ್‌ನ ಮೇಲೆ ಅವರ ಒಡಹುಟ್ಟಿದವರಿಗಿಂತ ಕಡಿಮೆ ಗುರುತುಗಳಿದ್ದವು.

ಎಲ್ಲ ಸಾಕ್ಷ್ಯವೂ ಇಷ್ಟು ಗಟ್ಟಿಯಿಲ್ಲ. ನಾಜಿ ನರಮೇಧದಿಂದ ಪಾರಾದವರಲ್ಲಿ ಇಂಥ ಗುರುತುಗಳನ್ನು ಹುಡುಕಿ ಸಂಶೋಧಕಿ ರೇಚಲ್ ಯಹೂದಾ ನಡೆಸಿದ ಹೆಸರಾಂತ ಅಧ್ಯಯನದಲ್ಲಿ ಇದ್ದದ್ದು 32 ಜನ, ಅವರ ಮಕ್ಕಳು 22. ಅದರ ಮೇಲೆ ಹೆಚ್ಚು ಭಾರ ಹಾಕಲಾರೆ. 1982ರ ಹಮಾ ಹತ್ಯಾಕಾಂಡದ ವೇಳೆ ಬಸುರಿಯಾಗಿದ್ದ ಸಿರಿಯಾದ ಅಜ್ಜಿಯರ ಮೊಮ್ಮಕ್ಕಳಲ್ಲಿ ಹಿಂಸೆಯ ಗುರುತು ಡಿಎನ್‌ಎಯ 14 ಕಡೆ ಸಿಕ್ಕಿದ್ದು 2025ರಲ್ಲಿ ವರದಿಯಾಯಿತು. ಅದರಿಂದ ಆರೋಗ್ಯಕ್ಕೆ ಏನಾಗುತ್ತದೆಂಬುದು ಇನ್ನೂ ಸಾಬೀತಾಗಿಲ್ಲ.

ಆದರೆ ಸಾಬೀತಾಗಲೆಂದು ಕಾಯುವಷ್ಟು ಪುರುಸೊತ್ತು ಬಸಿರಿಗೆ ಇಲ್ಲ. ಸುಡಾನ್‌ನ ಜಮ್ಜಮ್ ಶಿಬಿರದಲ್ಲಿ 2024ರ ಆಗಸ್ಟ್‌ನಲ್ಲಿ, ಗಾಜಾ ನಗರದಲ್ಲಿ 2025ರ ಆಗಸ್ಟ್‌ನಲ್ಲಿ ಕ್ಷಾಮ ದೃಢಪಟ್ಟಿತು. ಯುದ್ಧದ ಸಾವಿನ ಪಟ್ಟಿ ಬರೆಯುವವರು ಅಲ್ಲಿನ ಬಸುರಿಯರ ಹೊಟ್ಟೆಯಲ್ಲಿದ್ದ ಕೂಸುಗಳನ್ನು ಬದುಕಿದವರ ಲೆಕ್ಕಕ್ಕೆ ಸೇರಿಸುತ್ತಾರೆ. ಪರಿಹಾರದ ಲಾರಿಗಳಿಗೆ ದಾರಿ ಬಿಡುವ ಮಾತುಕತೆಯಲ್ಲಿ ಬಸುರಿಯರ ಊಟ ಮೊದಲ ಸಾಲಿಗೆ ಬರಲಿ. ಅದಕ್ಕೆ ಸಿಗುವ ಗಡುವು ಒಂಬತ್ತು ತಿಂಗಳು. ಗಾಜಾದಲ್ಲಿ 2025ರಲ್ಲಿ ಹುಟ್ಟಿದ ಮಗುವಿಗೆ 45 ತುಂಬುವುದು 2070ರಲ್ಲಿ.